‘ಓಡು ತಾತಾ’ ಎಂದಿದ್ದಕ್ಕೆ ನಂಬರ್ ಕಿತ್ತರು

ಇದು ೧೯೯೪ರ ಮಾತು, ನನ್ನ ಮಗಳಿಗೆ ಎರಡನೇ ಮಗು ಹುಟ್ಟಿದ ವರ್ಷ. ಆಗ ನನಗೆ ಐವತ್ತಾರು. ವಿಶಾಖಪಟ್ಟಣದ ದೊಡ್ಡ ಕಾರ್ಖಾನೆಯೊಂದರಲ್ಲಿ ಖಲಾಸಿಯಾಗಿದ್ದೆ. ಖಲಾಸಿ ಎಂದರೆ ಭಾರದ ಸಾಮಾನಿಗೆ ಸರಪಳಿ ಬಿಗಿದು, ಕ್ರೇನಿನಲ್ಲಿ ಕೂತವನಿಗೆ ಕೈಸನ್ನೆ ಮಾಡಿ ಎತ್ತಿಸುವವನು. ಭದ್ರಾವತಿಯಲ್ಲಿ ಕಲಿತ ಕೆಲಸವನ್ನೇ ನಂಬಿಕೊಂಡು ಅಲ್ಲಿಗೆ ಹೋಗಿ ಹತ್ತು ವರ್ಷವಾಗಿತ್ತು. ಓದಿದ್ದು ಮೂರನೇ ಕ್ಲಾಸು. ತೆಲುಗು ಕಲಿತದ್ದು ಕ್ರೇನಿನ ಕೆಳಗೆ ನಿಂತು. ಎತ್ತುವುದಕ್ಕೆ ‘ಎತ್ತು’, ಇಳಿಸುವುದಕ್ಕೆ ‘ದಿಂಚು’, ನಿಲ್ಲಿಸುವುದಕ್ಕೆ ‘ಆಪು’. ಜೊತೆಗೆ ತರಕಾರಿ ಕೊಳ್ಳುವಷ್ಟು ಇನ್ನೊಂದಿಷ್ಟು. ಅಷ್ಟರಲ್ಲೇ ಸುಖವಾಗಿದ್ದೆ.

ಆ ಊರಲ್ಲಿ ಪ್ರತಿ ಚಳಿಗಾಲ ಬೀಚ್ ರೋಡಿನಲ್ಲಿ ಒಂದು ಮ್ಯಾರಥಾನ್ ಓಟ ನಡೆಯುತ್ತಿತ್ತು. ನಲವತ್ತೆರಡು ಕಿಲೋಮೀಟರು. ಸಮುದ್ರದ ಪಕ್ಕದಲ್ಲೇ ಭೀಮಿಲಿ ಕಡೆಗೆ ಹೋಗಿ, ತಿರುಗಿ ಅದೇ ದಾರಿಯಲ್ಲಿ ವಾಪಸು ಬರಬೇಕು. ಒಂದು ವರ್ಷ ನಮ್ಮ ಕಾರ್ಖಾನೆಯ ಹುಡುಗರು ತಮಾಷೆಗೆ ನನ್ನ ಹೆಸರನ್ನೂ ಬರೆಸಿಬಿಟ್ಟರು. ಆ ಹುಡುಗರೆಲ್ಲ ಅರ್ಧ ದಾರಿಯಲ್ಲೇ ಕೂತರು. ನಾನು ಕ್ಯಾನ್ವಾಸ್ ಶೂ ಹಾಕಿಕೊಂಡು ಪೂರ್ತಿ ಮುಗಿಸಿ ಬಂದೆ! ಅವತ್ತಿನಿಂದ ನನಗೆ ಆ ಓಟವೆಂದರೆ ದೀಪಾವಳಿ ಇದ್ದ ಹಾಗೆ. ವರ್ಷವಿಡೀ ಅದಕ್ಕೇ ಕಾಯುತ್ತಿದ್ದೆ.

ಆದರೆ ಐದು ಗಂಟೆಯೊಳಗೆ ಮುಗಿಸಬೇಕೆಂಬ ನಿಯಮವಿತ್ತು. ಹಿಂದೆ ಒಂದು ವ್ಯಾನ್ ನಿಧಾನಕ್ಕೆ ಬರುತ್ತಿರುತ್ತದೆ. ಆಗದವರನ್ನು ಅದು ಹತ್ತಿಸಿಕೊಳ್ಳುತ್ತದೆ. ಹತ್ತಿಸುವ ಮೊದಲು ಎದೆಯ ಮೇಲಿನ ನಂಬರ್ ಬಿಚ್ಚಿಕೊಳ್ಳುತ್ತಾರೆ. ನಂಬರ್ ಹೋಯಿತೆಂದರೆ ಓಟ ಹೋಯಿತು. ಐವತ್ತನಾಲ್ಕನೇ ವಯಸ್ಸಿನಲ್ಲಿ ಒಂದು ಸಲ, ಐವತ್ತೈದರಲ್ಲಿ ಒಂದು ಸಲ, ಎರಡು ಸಲ ನಾನು ಆ ವ್ಯಾನಿನಲ್ಲಿ ಕೂತು ಬಂದಿದ್ದೆ. ಇಳಿಯುವಾಗ ಜನ ಪಾಪ ಎಂದು ನೋಡುತ್ತಾರಲ್ಲ, ಅದು ಬೇಡ. ಈ ಸಲವೂ ವ್ಯಾನ್ ಹತ್ತಿದರೆ ಇನ್ನು ಹೆಸರು ಕೊಡುವುದಿಲ್ಲ ಎಂದು ನನ್ನ ಹೆಂಡತಿ ಜಯಮ್ಮನ ಮುಂದೆ ಹೇಳಿದ್ದೆ. ಹೇಳಿದ ಮೇಲೆ ಆಯಿತು, ನಾನು ಮಾತು ತಪ್ಪುವವನಲ್ಲ.

ನಮ್ಮ ಮಗಳು ಗೀತಾಳನ್ನು ಕೊಟ್ಟಿರುವುದು ವಿಜಯವಾಡಕ್ಕೆ. ಅಳಿಯ ಪ್ರಸಾದ್ ತೆಲುಗಿನವರು, ಚಿನ್ನದಂಥ ಮನುಷ್ಯ. ಕನ್ನಡದಲ್ಲಿ ಅವರಿಗೆ ‘ಊಟ ಆಯ್ತಾ’ ಬಿಟ್ಟರೆ ಬೇರೆ ಬಾರದು. ಬೆಳಿಗ್ಗೆ ಎದ್ದ ತಕ್ಷಣವೂ ನನ್ನನ್ನು ‘ಊಟ ಆಯ್ತಾ’ ಎಂದೇ ಕೇಳುತ್ತಿದ್ದರು. ಅವರ ಮೊದಲ ಮಗು ಚಿನ್ನಿಗೆ ಆಗ ಐದು ವರ್ಷ. ಮನೆಯಲ್ಲಿ, ಬೀದಿಯಲ್ಲಿ, ಸ್ಕೂಲಿನಲ್ಲಿ ಎಲ್ಲ ತೆಲುಗೇ. ಕನ್ನಡ ಹೇಳಿದರೆ ಅರ್ಥವಾಗುತ್ತಿತ್ತು, ಬಾಯಲ್ಲಿ ಮಾತ್ರ ಬರುತ್ತಿರಲಿಲ್ಲ. ‘ನನ್ನ ಮೊಮ್ಮಗಳು ನನ್ನ ಭಾಷೆಯಲ್ಲಿ ಒಂದು ಮಾತೂ ಆಡೋದಿಲ್ಲವಲ್ಲ’ ಎಂದು ನಾನು ಜಯಮ್ಮನ ಹತ್ತಿರ ಗೊಣಗುತ್ತಿದ್ದೆ.

ಎರಡನೇ ಹೆರಿಗೆಗೆಂದು ಜಯಮ್ಮ ವಿಜಯವಾಡಕ್ಕೆ ಹೊರಟಾಗ ನಾನೂ ಒಂದೂವರೆ ತಿಂಗಳು ರಜೆ ಹಾಕಿ ಹೋದೆ. ಅಲ್ಲೇ ನನ್ನ ತಯಾರಿ ಶುರುವಾಯಿತು. ಬೆಳಗಿನ ಜಾವ ಎದ್ದು ಕಾಲುವೆ ದಂಡೆಯ ಮೇಲೆ ಓಟ. ಭಾನುವಾರ ಮಾತ್ರ ಗನ್ನವರಂವರೆಗೆ ಓಡಿ ಹೋಗಿ, ಬಸ್ಸಿನಲ್ಲಿ ವಾಪಸು. ಒಂದು ದಿನ ಬೆವರಿನಿಂದ ತೊಯ್ದು ಹೋಗಿದ್ದ ನನ್ನನ್ನು ನೋಡಿ ಕಂಡಕ್ಟರ್, “ಏನಂಡಿ, ಬಸ್ ತಪ್ಪಿಹೋಯ್ತು ಅಂತ ಹಿಂದಿನಿಂದ ಬೆನ್ನು ಹತ್ತಿ ಬಂದ್ರಾ?” ಎಂದು ನಕ್ಕ. ನಾನು ನನ್ನ ಮುರುಕು ತೆಲುಗಿನಲ್ಲಿ, “ಇಲ್ಲಪ್ಪ, ನಿನ್ನ ಬಸ್ಸಿಗಿಂತ ಮುಂಚೆ ಬಂದು ಕಾಯ್ತಾ ಇದ್ದೆ” ಎಂದೆ. ಬಸ್ಸೆಲ್ಲ ನಕ್ಕಿತು.

ಜಯಮ್ಮನಿಗೆ ಇದೆಲ್ಲ ಹಿಡಿಸುತ್ತಿರಲಿಲ್ಲ. “ಏನ್ರೀ, ನೀವು ಬಂದಿರೋದು ಮಗಳ ಬಾಣಂತನಕ್ಕೋ, ಊರು ಅಳೆಯೋದಕ್ಕೋ?” ಎಂದು ಬಿಸಿನೀರು ಕಾಯಿಸುತ್ತಲೇ ಬೈಯುತ್ತಿದ್ದಳು. ಬೈದರೂ ದಿನಾ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದವಳು ಅವಳೇ.

ಚಿನ್ನಿ ಮಾತ್ರ ನನ್ನ ಕಡೆಯವಳು. ನಾನು ವಾಪಸು ಬರುವ ಹೊತ್ತಿಗೆ ಬೀದಿಯ ತುದಿಯಲ್ಲಿ ಬಂದು ನಿಂತಿರುತ್ತಿದ್ದಳು. ಅಲ್ಲಿಂದ ಮನೆಯವರೆಗೆ ಇಬ್ಬರಿಗೂ ಪಂದ್ಯ. ನಾನು “ಓಡು ಚಿನ್ನೀ, ಓಡು!” ಎಂದರೆ ಸಾಕು, ಫ್ರಾಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಂದೇ ಉಸಿರಿಗೆ ಬಾಗಿಲು ಮುಟ್ಟುತ್ತಿದ್ದಳು. ಆಮೇಲೆ ತಿರುಗಿ ನಿಂತು ನನಗೆ “ಓಡು ತಾತಾ!” ಎಂದು ಕೂಗುತ್ತಿದ್ದಳು. ಅವಳ ಬಾಯಿಂದ ನಾನು ಕೇಳಿದ ಕನ್ನಡ ಅದೊಂದೇ.

ಗಂಡು ಮಗು ಹುಟ್ಟಿತು. ಮನೆಯಲ್ಲಿ ಎಲ್ಲರೂ ಆ ಮಗುವನ್ನೇ ಸುತ್ತಿಕೊಂಡರು. ಚಿನ್ನಿಗೆ ಮುನಿಸು. ನಾನು ಓಟಕ್ಕೆಂದು ವಿಶಾಖಪಟ್ಟಣಕ್ಕೆ ಹೊರಟಾಗ ನನ್ನ ಪಂಚೆ ಹಿಡಿದುಕೊಂಡು ಬಿಡಲೇ ಇಲ್ಲ. ಕರೆದುಕೊಂಡೇ ಹೋದೆ. ಆವತ್ತಿನ ನನ್ನ ಗತ್ತು ನೀವು ನೋಡಬೇಕಿತ್ತು! ರೈಲಿನಲ್ಲಿ ಎದುರಿಗೆ ಕೂತವರಿಗೆಲ್ಲ, ಇವಳು ನನ್ನ ಮೊಮ್ಮಗಳು, ನನ್ನ ಓಟ ನೋಡುವುದಕ್ಕೆಂದೇ ಬರುತ್ತಿದ್ದಾಳೆ ಎಂದು ಹೇಳಿದ್ದೇ ಹೇಳಿದ್ದು.

ಓಟದ ದಿನ ಚಿನ್ನಿಯನ್ನು ನೋಡಿಕೊಳ್ಳಲು ನನ್ನ ಕ್ರೇನಿನ ಗೆಳೆಯ ಅಪ್ಪಲರಾಜು ಒಪ್ಪಿಕೊಂಡ. ಅವನ ಸ್ಕೂಟರಿನ ಮುಂದೆ ಅವಳನ್ನು ನಿಲ್ಲಿಸಿಕೊಂಡು, ಕೊನೆಯ ನೀರಿನ ಟೇಬಲ್ ಇರುವ ಕಡೆ ಬಂದು ನಿಂತಿರುತ್ತೇನೆ ಎಂದ.

ಬೆಳಿಗ್ಗೆ ಐದೂವರೆಗೆ ಓಟ ಶುರುವಾಯಿತು. ಕಾಲು ನನ್ನ ಮಾತು ಕೇಳುತ್ತಿತ್ತು. ಹೋಗುವಾಗ ರುಷಿಕೊಂಡದ ಏರನ್ನು ಹಾಡು ಗುನುಗುತ್ತಾ ಹತ್ತಿದೆ. ತಿರುಗಿ ಬರುವಾಗ ಬಿಸಿಲು ಏರಿತು. ಎರಡು ವರ್ಷವೂ ವ್ಯಾನ್ ನನ್ನನ್ನು ಹಿಡಿದದ್ದು ಅದೇ ಏರಿನಲ್ಲಿ. ಈ ಸಲ ಅದನ್ನು ದಾಟಿದೆ. ದಾಟಿದ ಖುಷಿಗೆ ಇಳಿಜಾರಿನಲ್ಲಿ ಸ್ವಲ್ಪ ಜೋರಾಗಿ ಓಡಿಬಿಟ್ಟೆ. ಅದೇ ತಪ್ಪಾಯಿತು. ಕೊನೆಯ ನೀರಿನ ಟೇಬಲ್ ಕಣ್ಣಿಗೆ ಕಾಣುವಷ್ಟರಲ್ಲಿ ಎಡಗಾಲಿನ ಮೀನಖಂಡ ಕಲ್ಲಿನ ಹಾಗೆ ಹಿಡಿದುಕೊಂಡಿತು. ಕುಂಟುತ್ತಾ ಹೋಗಿ ರಸ್ತೆಯ ಬದಿಯ ಕಟ್ಟೆಯ ಮೇಲೆ ಕೂತೆ.

ಅಪ್ಪಲರಾಜು ಓಡಿಬಂದು ಕಾಲು ನೀವಿದ. ಯಾರೋ ಉಪ್ಪು ಹಾಕಿದ ಮಜ್ಜಿಗೆ ಕೊಟ್ಟರು. ನಾಲ್ಕೈದು ನಿಮಿಷದಲ್ಲಿ ಮೀನಖಂಡ ಸಡಿಲವಾಯಿತು. ಆದರೆ ಒಂದು ಸಲ ಕೂತ ಮನಸ್ಸು ಏಳಲೊಲ್ಲದು. ಅಷ್ಟರಲ್ಲಿ ಹಿಂದಿನಿಂದ ವ್ಯಾನ್ ಬಂದು ನಿಂತಿತು. ಅದರಿಂದ ಕೊರಳಿಗೆ ಸೀಟಿ ಹಾಕಿಕೊಂಡ ಒಬ್ಬರು ಇಳಿದರು. ಕಾಲೇಜೊಂದರ ಆಟದ ಮೇಷ್ಟ್ರಂತೆ. ಗಡಿಯಾರ ನೋಡಿ, ಹತ್ತು ಗಂಟೆಗೆ ಐದು ನಿಮಿಷ ಇದೆ, ಇನ್ನೂ ನಾಲ್ಕು ಕಿಲೋಮೀಟರ್ ಬಾಕಿ, ವಯಸ್ಸಾದವರು ನೀವು, ಏನು ಮಾಡುತ್ತೀರಿ ಎಂದು ಮರ್ಯಾದೆಯಿಂದಲೇ ಕೇಳಿದರು. “ಎಕ್ಕಂಡಿ ತಾತಗಾರೂ” ಎಂದು ವ್ಯಾನಿನ ಬಾಗಿಲು ತೋರಿಸಿದರು. ಹತ್ತಿ ಎಂದು ಅರ್ಥ. ನಾನು ಮೀನಖಂಡ ನೀವಿಕೊಳ್ಳುತ್ತಾ ಕೂತೇ ಇದ್ದೆ.

ಆಗ ಚಿನ್ನಿ ಜನರ ಕಾಲುಗಳ ನಡುವೆ ನುಗ್ಗಿ ಬಂದು ನನ್ನ ಮುಂದೆ ನಿಂತಳು. ಎರಡೂ ಕೈ ಎತ್ತಿ ಗಂಟಲು ಹರಿಯುವ ಹಾಗೆ ಕೂಗಿದಳು.

“ಓಡು ತಾತಾ! ಓಡು! ಓಡು!”

ಸುತ್ತ ನಿಂತವರೆಲ್ಲ ತಟ್ಟನೆ ಅವಳ ಕಡೆ ತಿರುಗಿದರು. ಒಬ್ಬಳು ಹೆಂಗಸು “ಅಯ್ಯೋ” ಎಂದು ಬಾಯಿಗೆ ಸೆರಗು ಹಿಡಿದಳು. ಅಪ್ಪಲರಾಜು ನಾಚಿಕೊಂಡು, “ತಪ್ಪಮ್ಮಾ! ತಾತನಿಗೆ ಹಾಗನ್ನಬಾರದು” ಎಂದು ಅವಳ ಬಾಯಿ ಮುಚ್ಚಲು ಹೋದ. ಅವಳು ಅವನ ಕೈ ತಳ್ಳಿ ಇನ್ನೂ ಜೋರಾಗಿ ಕೂಗಿದಳು. ಸೀಟಿಯ ಮೇಷ್ಟ್ರು ನನ್ನ ಪಕ್ಕ ಕೂತು, ಭುಜದ ಮೇಲೆ ಕೈ ಇಟ್ಟು, ನಿಮ್ಮ ಮೊಮ್ಮಗಳೇ ಹೇಳುತ್ತಿದ್ದಾಳೆ, ಮಗುವಿನ ಮಾತು ಕೇಳಿ, ಇದರಲ್ಲಿ ಅವಮಾನ ಏನೂ ಇಲ್ಲ ಎನ್ನುತ್ತಾ ನನ್ನ ಎದೆಯ ಮೇಲಿನ ನಂಬರ್ ಬಿಚ್ಚತೊಡಗಿದರು!

ನನಗೆ ತಲೆ ಕೆಟ್ಟುಹೋಯಿತು. ಮಗು ಓಡು ಎನ್ನುತ್ತಿದೆ, ಅದನ್ನು ಕೇಳಿ ಈ ಮನುಷ್ಯ ನಂಬರ್ ಕೀಳುತ್ತಿದ್ದಾನೆ. ಇದ್ಯಾವ ನ್ಯಾಯ? ಇದರ ಗುಟ್ಟು ಅಪ್ಪಲರಾಜು ಆಮೇಲೆ ಹೇಳಿದಾಗ ತಿಳಿಯಿತು. ತೆಲುಗಿನಲ್ಲಿ ‘ಓಡು’ ಎಂದರೆ ಸೋಲು! ಅಷ್ಟೂ ಜನರ ಕಿವಿಗೆ ಬಿದ್ದದ್ದು, ‘ಸೋಲು ತಾತಾ, ಸೋಲು, ಸೋಲು’ ಎಂದು. ಹತ್ತು ವರ್ಷ ಆ ಊರಲ್ಲಿದ್ದೂ ನನಗೆ ಆ ಮಾತು ಗೊತ್ತಿರಲಿಲ್ಲ. ಕ್ರೇನಿನ ಕೆಳಗೆ ಗೆಲ್ಲುವುದು ಸೋಲುವುದು ಎಲ್ಲಿ ಬರುತ್ತದೆ ಹೇಳಿ.

ಆದರೆ ಐದು ವರ್ಷದ ಚಿನ್ನಿಗೆ ಗೊತ್ತಾಯಿತು. ಮೇಷ್ಟ್ರ ಕೈಯಲ್ಲಿ ನಂಬರ್ ನೋಡಿದ ಕೂಡಲೇ ಅವಳ ಮುಖ ಕೆಂಪಾಯಿತು. “ಓಡು ಕಾದು ಅಂಕುಲ್, ಓಡು!” ಎಂದಳು. ಅಂದರೆ, ‘ಓಡು ಅಲ್ಲ ಅಂಕಲ್, ಓಡು’ ಎಂದು. ಯಾರಿಗೆ ಏನು ಅರ್ಥವಾಗಬೇಕು? ಎಲ್ಲರೂ ಗೊಳ್ಳೆಂದು ನಕ್ಕರು. “ಕಾದು, ಕಾದು! ಓಡು!” ಎಂದು ಕಾಲು ನೆಲಕ್ಕೆ ಅಪ್ಪಳಿಸಿದಳು. ನಗು ಇನ್ನೂ ಹೆಚ್ಚಾಯಿತು. ಕಣ್ಣಲ್ಲಿ ನೀರು ತುಂಬಿಕೊಂಡು ಒಂದು ಸಲ ನನ್ನನ್ನು ನೋಡಿದಳು, ಒಂದು ಸಲ ರಸ್ತೆಯನ್ನು ನೋಡಿದಳು. “ಇಲಾ!” ಎಂದಳು. ಹೀಗೆ ಎಂದು ಅರ್ಥ. ಫ್ರಾಕನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು ಆ ಬೀಚ್ ರೋಡಿನ ಮೇಲೆ ಓಟ ಕಿತ್ತಳು!

ಅಷ್ಟು ದೊಡ್ಡ ರಸ್ತೆ. ನನ್ನ ಮಗಳು ನಂಬಿ ಕಳಿಸಿದ ಮಗು. ನನಗೆ ಮೀನಖಂಡ ಮರೆತುಹೋಯಿತು, ವಯಸ್ಸು ಮರೆತುಹೋಯಿತು. “ಚಿನ್ನೀ, ನಿಲ್ಲೇ!” ಎಂದು ಎದ್ದು ಓಡಿದೆ. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ನನಗೇ ಆಶ್ಚರ್ಯ, ನಾನು ಓಡುತ್ತಿದ್ದೇನೆ! ಅವಳು ತಿರುಗಿ ನೋಡಿದಳು, ನಾನು ಬರುತ್ತಿರುವುದು ಕಂಡಿತು, ಕಿಲಕಿಲ ನಗುತ್ತಾ ಇನ್ನೂ ಜೋರಾಗಿ ಓಡಿದಳು.

ಹಿಂದೆ ಮೇಷ್ಟ್ರಿಗೆ ಆಗ ಬೆಳಕಾಗಿರಬೇಕು. “ಓಹೋ, ಓಹೋ” ಎನ್ನುವ ಕೂಗು ಕೇಳಿತು. ತಿರುಗಿ ನೋಡಿದರೆ ಆ ಮನುಷ್ಯ ಒಂದು ಕೈಯಲ್ಲಿ ನನ್ನ ನಂಬರ್ ಹಿಡಿದು, ಹಲ್ಲಿನಲ್ಲಿ ಪಿನ್ನು ಕಚ್ಚಿಕೊಂಡು ಓಡಿ ಬರುತ್ತಿದ್ದಾರೆ. ನನ್ನ ಜೊತೆ ಓಡುತ್ತಲೇ ಎದೆಗೆ ನಂಬರ್ ಚುಚ್ಚಿದರು. ಎರಡು ಪಿನ್ನು ಬನಿಯನ್ನಿಗೆ, ಒಂದು ನನಗೆ! “ಹೋಗಿ ತಾತಗಾರೂ, ಮೂವತ್ತು ನಿಮಿಷ ಇದೆ, ಹೋಗಿ” ಎಂದು ಬೆನ್ನು ತಟ್ಟಿ ನಿಂತರು. ಪಕ್ಕದಲ್ಲಿ ಅಪ್ಪಲರಾಜು ಸ್ಕೂಟರ್ ತಂದು ಚಿನ್ನಿಯನ್ನು ಎತ್ತಿಕೊಂಡ. ಅಲ್ಲಿಂದ ಕೊನೆಯವರೆಗೂ ಅವಳು ಸ್ಕೂಟರಿನ ಮೇಲೆ ನಿಂತುಕೊಂಡು ನನ್ನ ಪಕ್ಕದಲ್ಲೇ ಬಂದಳು. ಕೂಗಿ ಕೂಗಿ ಗಂಟಲು ಕಟ್ಟಿತು. ದಾರಿಯ ಜನ ಗಾಬರಿಯಿಂದ ನೋಡುತ್ತಿದ್ದರು, ಎಂಥ ಮೊಮ್ಮಗಳಪ್ಪಾ ಇವಳು ಎಂದು. ಅಪ್ಪಲರಾಜು ಸ್ಕೂಟರ್ ಮೇಲಿಂದಲೇ, “ಕನ್ನಡ ಅಂಡಿ, ಕನ್ನಡ!” ಎಂದು ಎಲ್ಲರಿಗೂ ಹೇಳುತ್ತಾ ಬಂದ.

ಹತ್ತೂವರೆಗೆ ನಾಲ್ಕು ನಿಮಿಷ ಇರುವಾಗ ನಾನು ಗೆರೆ ದಾಟಿದೆ. ನನ್ನ ಕಾಲ ಮೇಲೆ ನಾನೇ ದಾಟಿದೆ!

ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಎಸ್‌ಟಿಡಿ ಬೂತಿಗೆ ಹೋಗಿ ವಿಜಯವಾಡಕ್ಕೆ ಫೋನ್ ಹಚ್ಚಿದೆ. ಅಳಿಯಂದಿರೇ ತೆಗೆದುಕೊಂಡರು. ನಾನು ಬಾಯಿ ತೆರೆಯುವ ಮೊದಲೇ ಚಿನ್ನಿ ಫೋನ್ ಕಸಿದುಕೊಂಡು, “ತಾತ ಓಡಾಡು ನಾನ್ನಾ! ಬಾಗಾ ಓಡಾಡು!” ಎಂದು ಕಿರುಚಿದಳು. ಕನ್ನಡದ ಓಟಕ್ಕೆ ತೆಲುಗಿನ ಬಾಲ ಕಟ್ಟಿದ್ದಳು. ತಾತ ಓಡಿದ ಅಪ್ಪಾ, ಚೆನ್ನಾಗಿ ಓಡಿದ ಎಂದು ಅವಳ ಲೆಕ್ಕ. ಅವರಪ್ಪನಿಗೆ ಕೇಳಿದ್ದು, ತಾತ ಸೋತ, ಚೆನ್ನಾಗಿ ಸೋತ ಎಂದು! ಫೋನ್ ನನ್ನ ಕೈಗೆ ಬಂದಾಗ ಪಾಪ ಅಳಿಯಂದಿರು ದುಃಖದ ದನಿಯಲ್ಲಿ, “ಪರ್ವಾಲೇದು ಮಾವಯ್ಯಗಾರೂ, ಮುಂದಿನ ವರ್ಷ ನೋಡಿಕೊಳ್ಳೋಣ” ಎಂದು ಸಮಾಧಾನ ಹೇಳುತ್ತಿದ್ದರು. ಏನೋ ಹೇಳಲು ಹೋದರೆ ನನಗೆ ನಗು ತಡೆಯುತ್ತಿಲ್ಲ. ನಾನು ಅಳುತ್ತಿದ್ದೇನೆಂದು ತಿಳಿದು ಅವರು ಗಾಬರಿಯಿಂದ ಜಯಮ್ಮನನ್ನು ಕರೆದರು.

“ಏನ್ರೀ, ವ್ಯಾನ್ ಹತ್ತಿದ್ರಾ?” ಎಂದಳು ಜಯಮ್ಮ ಮೆಲ್ಲಗೆ.

“ಇಲ್ಲ ಕಣೇ! ಓಡಿದೆ! ಪೂರ್ತಿ ಓಡಿದೆ!” ಎಂದೆ.

ಆ ಕಡೆ ಅವಳು ಮೂಗು ಎಳೆದ ಸದ್ದು ಕೇಳಿತು. ಆಮೇಲೆ, “ಸರಿ, ಮಗೂಗೆ ಹೊತ್ತಿಗೆ ಸರಿಯಾಗಿ ಊಟ ಹಾಕಿದ್ರೋ ಇಲ್ವೋ?” ಎಂದು ಗದರಿದಳು.

ಈಗ ನಾನು ಕೆಲಸದಿಂದ ನಿವೃತ್ತನಾಗಿ ಭದ್ರಾವತಿಗೆ ಬಂದಿದ್ದೇನೆ. ಆ ಓಟವನ್ನು ಅದಾದ ಮೇಲೂ ಎರಡು ಸಲ ಮುಗಿಸಿದೆ, ಸರ್ಟಿಫಿಕೇಟುಗಳು ಗೋಡೆಯ ಮೇಲಿವೆ. ಬಂದವರು ಅವನ್ನು ನೋಡಿ ಭೇಷ್ ಎನ್ನುತ್ತಾರೆ. ನಾನು ಅವರನ್ನು ಕೂರಿಸಿಕೊಂಡು ನನ್ನ ಓಟದ ಕಥೆ ಹೇಳುವುದಿಲ್ಲ, ಚಿನ್ನಿಯ ಕಥೆ ಹೇಳುತ್ತೇನೆ. ಗುರುತಿಲ್ಲದ ಊರು, ಸುತ್ತ ಅಷ್ಟು ಜನ ದೊಡ್ಡವರು. ಎಲ್ಲರೂ ಸೇರಿ ತಪ್ಪು ತಪ್ಪು ಎಂದರು, ಬಾಯಿ ಮುಚ್ಚಲು ಬಂದರು, ನಕ್ಕರು. ಐದು ವರ್ಷದ ಮಗು ತಾತನಿಂದ ಕಲಿತ ಒಂದೇ ಒಂದು ಮಾತನ್ನು ಬಿಟ್ಟುಕೊಡಲಿಲ್ಲ. ಆ ಭಾಷೆ ಅವಳಿಗೆ ಬಾರದು ಎಂದು ಕೊರಗುತ್ತಿದ್ದವನು ನಾನು! ಅವತ್ತಿನಿಂದ ಆ ಕೊರಗು ಮತ್ತೆ ನನ್ನ ಹತ್ತಿರ ಸುಳಿದಿಲ್ಲ.