ಬೆಸುಗೆಯಿಲ್ಲದ ಹಸಿರುಮನೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗುಜರಿ ಅಂಗಡಿಯ ಹಿಂದಿನ ಓಣಿಯಲ್ಲಿ, ಬಣ್ಣದ ಖಾಲಿ ಡಬ್ಬದ ಮೇಲೆ ಕೂತು ಅವರು ಕೈಡ್ರಿಲ್ಲನ್ನು ಕೊಳವೆಗೆ ಒತ್ತಿ ತಿರುಗಿಸುತ್ತಾರೆ. ತುಸು ತಿರುಗಿಸುವುದು, ನಿಲ್ಲುವುದು, ಉಸಿರನ್ನು ಎಲ್ಲಿಂದಲೋ ಬೇಡಿ ತಂದ ಹಾಗೆ ಎಳೆದುಕೊಳ್ಳುವುದು, ಮತ್ತೆ ತಿರುಗಿಸುವುದು. ತೂತು ಬಿದ್ದಾಗ ಕಬ್ಬಿಣದ ಪುಡಿಯನ್ನು ಊದುವುದಿಲ್ಲ, ಬೆರಳಲ್ಲಿ ತಟ್ಟಿ ಬೀಳಿಸುತ್ತಾರೆ. ಇರುವಷ್ಟು ಗಾಳಿಯನ್ನು ಮನೆಯ ಮೆಟ್ಟಿಲು ಹತ್ತಲು ಉಳಿಸಿಕೊಳ್ಳಬೇಕು.

ಓಣಿಯವರ ಬಾಯಲ್ಲಿ ಅವರು ಬೋಲ್ಟಣ್ಣ. ಆ ಹೆಸರಿನಲ್ಲಿ ಪ್ರೀತಿಗಿಂತ ಕುಚೋದ್ಯ ಹೆಚ್ಚು. ಮಾರುಕಟ್ಟೆಯವರು ಎಸೆದ ಡೇರೆಗಳ ಚೌಕಟ್ಟನ್ನು ಗುಜರಿಯಿಂದ ತಂದು, ಬಾಗಿದ್ದನ್ನು ನೆಟ್ಟಗೆ ಮಾಡಿ, ಎರಡನ್ನು ಬೆನ್ನಿಗೆ ಬೆನ್ನು ಕೂಡಿಸಿ, ಪ್ಲಾಸ್ಟಿಕ್ ಹೊದಿಸಿ ಹಸಿರುಮನೆ ಕಟ್ಟಿಕೊಡುವುದು ಅವರ ಕಸುಬು. ಹಿತ್ತಿಲಲ್ಲಿ ಸಸಿ ಬೆಳೆಸಿ ಮಾರುವವರೇ ಗಿರಾಕಿಗಳು. ಬಿಸಿಲಿಗೆ ಕಾದ ಕಬ್ಬಿಣ ತಗುಲಿದ ಕಡೆ ಪ್ಲಾಸ್ಟಿಕ್ ಬೇಗ ಹರಿಯುತ್ತದೆ. ಅದಕ್ಕೇ ಅವರ ಹೆಂಡತಿ ಹಳೆಯ ಬೆಡ್‌ಶೀಟು ಸೀಳಿ, ಮೂಳೆ ಮುರಿದವರಿಗೆ ಸುತ್ತುವಂತೆ ಕೊಳವೆಗಳಿಗೆಲ್ಲ ಪಟ್ಟಿ ಸುತ್ತುತ್ತಾರೆ. ಎಲ್ಲೂ ಬೆಸುಗೆಯಿಲ್ಲ, ಸಂದಿಗೊಂದು ತೂತು, ತೂತಿಗೊಂದು ಬೋಲ್ಟು. ಬೋಲ್ಟಣ್ಣನ ಮನೆ ಏಳುವುದರೊಳಗೆ ಸಸಿ ಮರವಾಗಿರುತ್ತದೆ ಎಂಬುದು ಗಿರಾಕಿಗಳ ಹಳೆಯ ತಮಾಷೆ.

ಬೆಸುಗೆ ಬಾರದೆ ಅಲ್ಲ. ಮೀಸೆ ಮೂಡುವ ಮೊದಲೇ ವೆಲ್ಡಿಂಗ್ ಶೆಡ್ಡು ಸೇರಿದವರು. ತುಕ್ಕು ಹಿಡಿಯದಿರಲೆಂದು ಕೊಳವೆಗೆ ಸತುವಿನ ಲೇಪ ಕೊಟ್ಟಿರುತ್ತಾರೆ. ಅದನ್ನು ಉಜ್ಜಿ ತೆಗೆಯದೆ ಬೆಸೆದರೆ ಬಿಳಿ ಹೊಗೆ ಏಳುತ್ತದೆ, ಸಂಜೆಗೆ ಚಳಿಜ್ವರ ಬರುತ್ತದೆ. ಉಜ್ಜುತ್ತ ಕೂರಲು ಮೇಸ್ತ್ರಿ ಬಿಡುತ್ತಿರಲಿಲ್ಲ. ಹಾಲು ಕುಡಿದು ಮಲಗು ಎಂಬುದೊಂದೇ ಅವನ ಮದ್ದು.

“ಅಷ್ಟೂ ವರ್ಷ ಹಾಲು ಕುಡಿದೆ. ಹಸು ಸಾಕಿದವನಿಗೆ ಒಳ್ಳೇದಾಯ್ತು. ನನ್ನ ಎದೆಗೆ ಮಾತ್ರ ಏನೂ ಗುಣ ಆಗ್ಲಿಲ್ಲ,” ಎನ್ನುತ್ತಾರೆ.

ಕೊಳವೆಯ ಇನ್ನೊಂದು ತುದಿ ಈಗ ಇಟ್ಟಿಗೆಗಳ ಮೇಲಿದೆ. ಮೊನ್ನೆ ಮೊನ್ನೆಯವರೆಗೆ ಅದನ್ನು ಹಿಡಿಯುತ್ತಿದ್ದವಳು ಮಗಳು. ಅಳೆಯುವುದು, ಕೊಯ್ಯುವುದು, ಬಗ್ಗಿಸುವುದು ಎಲ್ಲವನ್ನೂ ಅವಳಿಗೆ ಕಲಿಸಿದ ಅಪ್ಪ, ಬೆಸುಗೆಯ ಮಾತನ್ನು ಮಾತ್ರ ಮನೆಯೊಳಗೆ ಎತ್ತಕೂಡದೆಂದು ಕಟ್ಟುಮಾಡಿದ್ದರು. ತನ್ನ ಎದೆ ಹಾಳಾದದ್ದು ಸಾಕು, ಅವಳದಾದರೂ ನೆಟ್ಟಗಿರಲಿ ಎಂಬ ಒಂದೇ ಹಟ.

ಬಸ್ ನಿಲ್ದಾಣದ ಪಕ್ಕದ ನರ್ಸರಿಯವನು ದೊಡ್ಡದೊಂದು ಹಸಿರುಮನೆ ಕಟ್ಟಿಕೊಡಲು ಹೇಳಿದ್ದ. ಕೊಟ್ಟ ಮಾತಿನ ದಿನ ದಾಟಿತ್ತು. ಅಪ್ಪ ಉಸಿರಿನ ಮದ್ದಿಗೆ ಆಸ್ಪತ್ರೆಯ ಸಾಲಿನಲ್ಲಿ ನಿಂತ ದಿನ, ಮಗಳು ಪಕ್ಕದ ವೆಲ್ಡಿಂಗ್ ಶೆಡ್ಡಿನಿಂದ ಯಂತ್ರ ಕೇಳಿ ತಂದು ಉಳಿದ ಸಂದಿಗಳನ್ನೆಲ್ಲ ಬೆಸೆದುಬಿಟ್ಟಳು. ಆ ಶೆಡ್ಡಿನವರು ಮಾಡುವುದನ್ನು ಬೇಲಿಯ ಈಚೆಯಿಂದ ನೋಡಿ ನೋಡಿಯೇ ಕೈ ಕಲಿತಿತ್ತು. ಲೇಪ ಉಜ್ಜಲಿಲ್ಲ. ಉಜ್ಜಬೇಕೆಂದು ಅವಳಿಗೆ ಹೇಳಿದವರೇ ಇರಲಿಲ್ಲ. ಹೇಳಬೇಕಾದವರು ಬಾಯಿಗೆ ಬೀಗ ಹಾಕಿಕೊಂಡಿದ್ದರಲ್ಲ.

ಸಂಜೆ ಬಂದ ಅಪ್ಪ ಸಂದಿಯೊಂದರ ಮೇಲೆ ಬೆರಳಾಡಿಸಿದರು. ಬಿಳಿಯ ಪುಡಿ ಅಂಟಿತು. ಒಳಗೆ ಮಗಳು ಕಂಬಳಿ ಹೊದ್ದು ಗದಗದ ನಡುಗುತ್ತಿದ್ದಳು. ಹೆಂಡತಿ ಒಲೆಯ ಮುಂದೆ ಹಾಲು ಕಾಯಿಸುತ್ತಿದ್ದರು. ಅಪ್ಪ ಪಾತ್ರೆಯನ್ನು ಇಳಿಸಿ ಹಾಲನ್ನು ಬಚ್ಚಲಿಗೆ ಸುರಿದರು.

ಮಾರನೆಯ ದಿನ ಬೆಸೆದದ್ದನ್ನೆಲ್ಲ ಬಿಚ್ಚಲು ಕೂತರು. ನೋಡಲು ಬಂದ ನರ್ಸರಿಯವನು, ತಯಾರಾದದ್ದನ್ನು ಒಡೆಯುತ್ತೀರಲ್ಲ, ತಲೆ ನೆಟ್ಟಗಿದೆಯಾ ಎಂದು ರೇಗಿದ.

“ಇವತ್ತು ನೀವು ಒಯ್ದರೆ ನಾಳೆ ಇನ್ನೊಬ್ರು ಇಂಥದ್ದೇ ಕೇಳ್ತಾರೆ. ಆಮೇಲೆ ಇವಳು ದಿನಾ ಈ ಹೊಗೆ ಕುಡೀಬೇಕು,” ಎಂದರು ಬೋಲ್ಟಣ್ಣ.

ನರ್ಸರಿಯವನು ಹಸಿರುಮನೆಯನ್ನು ಅಲ್ಲೇ ಮಾಡಿಸಲು ನೇರ ಪಕ್ಕದ ಶೆಡ್ಡಿಗೆ ಹೋದ. ಅಪ್ಪ ಕೊಯ್ದು ಬೇಲಿಯ ಬಳಿ ಬಿಸಾಡಿದ ಬೆಸುಗೆಯ ತುಂಡೊಂದನ್ನು ಎತ್ತಿ ನೋಡಿದ ಶೆಡ್ಡಿನ ಯಜಮಾನ, ಜ್ವರ ಬಿಟ್ಟ ಮೇಲೆ ಕೆಲಸಕ್ಕೆ ಬಾ ಎಂದು ಮಗಳಿಗೆ ಹೇಳಿ ಕಳಿಸಿದ. ಅವಳು ಹೊರಟಳು. ಬಾಗಿಲಿಗೆ ಅಡ್ಡ ನಿಂತ ಅಪ್ಪನಿಗೆ ಅವಳು ಹೇಳಿದ್ದು ಒಂದೇ ಮಾತು: “ನಿಮ್ಮ ಮದ್ದು ಬೋಲ್ಟಿಂದ ಬರಲ್ಲಪ್ಪ.”

ಈಗ ದಿನಾ ಬೆಳಿಗ್ಗೆ ಅವಳು ಇದೇ ಓಣಿಯಲ್ಲಿ ಹಾದು ಹೋಗುತ್ತಾಳೆ. ಲೇಪ ಉಜ್ಜು, ಹೊಗೆ ಮುಖಕ್ಕೆ ಬಾರದ ಹಾಗೆ ನಿಲ್ಲು ಎಂದು ಅವರು ತಪ್ಪದೆ ಹೇಳುತ್ತಾರೆ. ಹೂಂ ಎನ್ನುತ್ತಾಳೆ. ಉಜ್ಜುತ್ತ ಕೂರಲು ಅಲ್ಲಿಯೂ ಯಾರೂ ಬಿಡುವುದಿಲ್ಲವೆಂಬುದು ಇಬ್ಬರಿಗೂ ಗೊತ್ತು. ಬೇಲಿಯಾಚೆ ನೀಲಿ ಕಿಡಿ ಹಾರತೊಡಗಿದಾಗ ಬೋಲ್ಟಣ್ಣ ಡ್ರಿಲ್ಲು ನಿಲ್ಲಿಸುತ್ತಾರೆ.

“ಅವತ್ತು ಸುತ್ತಿಗೇಲಿ ಬಡಿದೆ. ಕೊಳವೆ ನುಗ್ಗಾಯ್ತೇ ಹೊರತು ಬೆಸುಗೆ ಬಿಡ್ಲಿಲ್ಲ. ಕೊನೆಗೆ ಗರಗಸದಲ್ಲಿ ಕೊಯ್ದೆ,” ಎನ್ನುತ್ತಾರೆ. ಮುಂದಿನ ಮಾತಿಗೆ ಉಸಿರು ಕೂಡಿಬರಲು ಹೊತ್ತು ಹಿಡಿಯುತ್ತದೆ. “ಅಂಥ ಬೆಸುಗೆ ನನ್ನ ಕೈಯಿಂದಲೂ ಬಂದಿಲ್ಲ. ಅವಳಿಗೆ ಇದನ್ನ ಹೇಳಿಲ್ಲ. ಹೇಳೋದೂ ಇಲ್ಲ.”