ತುಟಿಗೆ ತಾಗಿದ ಸೊನೆ

ಸಿಟಿ ಬಸ್ಸಿನ ಕಂಡಕ್ಟರಾಗಿ ನಿವೃತ್ತರಾಗಿದ್ದ ರುದ್ರಸ್ವಾಮಿಯವರು ಮನೆಯಲ್ಲಿ ಏನು ಮುರಿದರೂ ಎಸೆಯಲು ಬಿಡುತ್ತಿರಲಿಲ್ಲ, ತಾವೇ ರಿಪೇರಿ ಮಾಡುತ್ತಿದ್ದರು. ಅವರು ರಿಪೇರಿ ಮಾಡಿದ ಕುರ್ಚಿಯಲ್ಲಿ ಯಾರೂ ಕೂರುತ್ತಿರಲಿಲ್ಲ. ಹಾಗಾಗಿ ೧೯೯೮ರ ಬೇಸಿಗೆಯಲ್ಲಿ, ಹೆಂಡತಿಯ ತವರಿನ ಪಿಂಗಾಣಿ ಉಪ್ಪಿನಕಾಯಿ ಜಾಡಿ ಅವರ ಮೊಣಕೈ ತಾಗಿ ಒಡೆದಾಗ, ಪುಟ್ಟಬಸಮ್ಮ ಹೇಳಿದ್ದು ಒಂದೇ ಮಾತು: "ನೀವು ಮಾತ್ರ ಮುಟ್ಬೇಡಿ."

ಜಯಲಕ್ಷ್ಮಿಪುರಂನ ಆ ಮನೆಯ ಮಹಡಿಯಲ್ಲಿ ಯೋಗ ಕಲಿಯಲು ಬಂದ ಜಪಾನಿನ ಯುಕಿಕೊ ಬಾಡಿಗೆಗಿದ್ದಳು. ಹೋಳುಗಳನ್ನು ನೋಡಿ ಅವಳು ಒಂದು ಟ್ಯೂಬ್ ತಂದಳು. ಅವರ ಕಡೆಯ ಮರವೊಂದರ ಸೊನೆ. ಅದಕ್ಕೆ ಮೈದಾ ಕಲಸಿ ಹೋಳು ಅಂಟಿಸಬೇಕು, ಒದ್ದೆ ಬಟ್ಟೆಯಿಟ್ಟ ಡಬ್ಬದಲ್ಲಿ ಗಟ್ಟಿಯಾಗಲು ಬಿಡಬೇಕು, ಕೊನೆಗೆ ಬಿರುಕಿನ ಮೇಲೆ ಮತ್ತೆ ಸೊನೆ ಬಳಿದು ಚಿನ್ನದ ಪುಡಿ ಉದುರಿಸಬೇಕು.

ಪುಟ್ಟಬಸಮ್ಮ ತಂಗಿಯ ಮನೆಗೆ ಹೋದ ದಿನ ರುದ್ರಸ್ವಾಮಿ ಕೆಲಸಕ್ಕೆ ಕೂತರು.

"ಗ್ಲೌಸ್ ಬೇಕು ಅಂಕಲ್. ಮೈಗೆ ತಾಗಿದ್ರೆ ತುರಿಕೆ," ಎಂದಳು ಯುಕಿಕೊ.

"ಜೀವಮಾನವೆಲ್ಲ ಟಿಕೆಟ್ ಹರಿದ ಕೈ ಕಣಮ್ಮ. ಇದಕ್ಕೇನಾಗುತ್ತೆ?"

ಕೈಗೇನೂ ಆಗಲಿಲ್ಲ. ಆದರೆ ಹಳೇ ಅಭ್ಯಾಸದಂತೆ ಪ್ರತಿ ಹೋಳು ಎತ್ತುವಾಗಲೂ ಹೆಬ್ಬೆರಳು ನಾಲಿಗೆಗೆ ಹೋಗುತ್ತಿತ್ತು. ಮಾರನೇ ದಿನ ತುಟಿಗಳು ಬೋಂಡದಂತೆ ಊದಿ, ಮುಖವೆಲ್ಲ ಗುಳ್ಳೆಯೆದ್ದಿತ್ತು.

"ಅಮ್ಮ ಬಂದಿದಾಳೆ," ಎಂದು ತಂಗಿಯ ಮನೆಯಿಂದ ಬಂದ ಪುಟ್ಟಬಸಮ್ಮ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ರುದ್ರಸ್ವಾಮಿ ನಿಜ ಹೇಳಲು ನೋಡಿದರು. ಊದಿದ ಬಾಯಿಂದ ಬಂದ ಸದ್ದು ಆಕೆಗೆ ಎಳನೀರೆಂದು ಕೇಳಿಸಿತು. ಎಳನೀರು ತಂದರು.

ಯೋಗ ಮುಗಿಸಿ ಬಂದ ಯುಕಿಕೊ ಎಲ್ಲ ಹೇಳಿಬಿಟ್ಟಳು.

"ಗ್ಲೌಸ್ ಹಾಕ್ಕೊಳ್ಳಿ ಅಂದ್ಲಂತೆ?"

ರುದ್ರಸ್ವಾಮಿ ತಲೆಯಾಡಿಸಿದರು.

"ಟಿಕೆಟ್ ಹರಿದ ಕೈ ಅಂದ್ರಂತೆ?"

ಮತ್ತೆ ತಲೆಯಾಡಿಸಿದರು. ಪುಟ್ಟಬಸಮ್ಮ ಎಳನೀರಿನ ಲೋಟ ಅವರ ಮುಂದಿನಿಂದೆತ್ತಿ ಯುಕಿಕೊ ಕೈಗಿಟ್ಟರು.

ಮಳೆಗಾಲದ ಹೊತ್ತಿಗೆ ಜಾಡಿ ಸಿದ್ಧವಾಯಿತು. ಮೈತುಂಬ ಚಿನ್ನದ ಗೆರೆ. ಪುಟ್ಟಬಸಮ್ಮ ಅದರಲ್ಲಿ ಉಪ್ಪಿನಕಾಯಿ ಹಾಕಲಿಲ್ಲ, ಟೀವಿಯ ಮೇಲಿಟ್ಟರು. ಯುಕಿಕೊ ತನ್ನಲ್ಲಿ ಉಳಿದಿದ್ದ ಟ್ಯೂಬು, ಚಿನ್ನದ ಪುಡಿ ಕೊಟ್ಟು ಊರಿಗೆ ಹೋದಳು. ಬೀದಿಯವರೆಲ್ಲ ಒಡಕು ತಟ್ಟೆ, ಬಸಿ ತರತೊಡಗಿದರು.

ಒಂದು ಬೆಳಿಗ್ಗೆ ಪಕ್ಕದ ಮನೆಯ ರಮಾಮಣಿ ಎರಡು ಹೋಳಾದ ಕಪ್ಪು ತಂದರು.

"ನಿನ್ನೆ ಇದರಲ್ಲೇ ನಂಗೆ ಕಾಫಿ ಕೊಟ್ರಲ್ಲಮ್ಮ. ಹೆಂಗೆ ಒಡೀತು?" ಎಂದರು ರುದ್ರಸ್ವಾಮಿ.

ರಮಾಮಣಿ ಸೆರಗು ಸರಿಮಾಡಿಕೊಂಡರು. "ಸುತ್ತಿಗೇಲಿ."

ರುದ್ರಸ್ವಾಮಿ ಅದನ್ನೂ ಅಂಟಿಸಿಕೊಟ್ಟರು. ಚಿನ್ನ ಮಾತ್ರ ಉದುರಿಸಲಿಲ್ಲ. "ತಾನಾಗಿ ಒಡೆದಿದ್ದಕ್ಕೆ ಅಷ್ಟೇ ಕಣಮ್ಮ ಅದು," ಎಂದರು. ದೀಪಾವಳಿವರೆಗೂ ಆ ಮನೆಯಿಂದ ಕಾಫಿಗೆ ಕರೆ ಬರಲಿಲ್ಲ.