ಸ್ಟೇನುನ್‌ಳ ಬಿಸಿಮಣ್ಣು

ಸರೋವರದ ದಂಡೆಯಲ್ಲಿ ನಮ್ಮ ಪಕ್ಕದ ಮನೆಯವಳು ಸ್ಟೇನುನ್. ನಮ್ಮೂರಲ್ಲಿ ನೆಲದಡಿಯ ಬಿಸಿನೀರಿನ ಆವಿಗೆ ಮಣ್ಣೇ ಒಲೆ ಅಲ್ಲವೇ ಮಗಾ, ಮನೆಗೊಂದು ಗುಳಿ. ರೈ ಧಾನ್ಯದ ಹಿಟ್ಟು, ಹಾಲು, ಸಕ್ಕರೆಪಾಕ ಕಲಸಿ ಡಬ್ಬಿಗೆ ಹಾಕಿ ಮಧ್ಯಾಹ್ನ ಹೂತರೆ ಮಾರನೆಯ ಮಧ್ಯಾಹ್ನಕ್ಕೆ ಕರಿರೊಟ್ಟಿ. ನನ್ನದು ಯಾವಾಗಲೂ ಅಂಚಿನಲ್ಲಿ ಸೀಯುತ್ತಿತ್ತು. ಅವಳದು ಬೆಣ್ಣೆಯಂತೆ. ಅದು ಅವಳ ಅಮ್ಮನ ಗುಳಿ. ನಮ್ಮ ಮುತ್ತಜ್ಜನ ಕಾಲದಲ್ಲಿ ಬೆಂಕಿಬೆಟ್ಟ ಒಡೆದು, ಬೂದಿ ಬಿದ್ದು, ಕುರಿಗಳೆಲ್ಲ ಸತ್ತಾಗಲೂ ಆರದ ಗುಳಿ. ಊರಿನ ಮದುವೆಗೂ ಮಣ್ಣಿಗೂ ಅಲ್ಲಿಂದಲೇ ರೊಟ್ಟಿ.

ಅವಳ ತಮ್ಮ ಕೆತಿಲ್. ಚರ್ಚಿನಲ್ಲಿ ಅವನು ಹಾಡಿದರೆ ಕಿಟಕಿಯ ಗಾಜು ಅದುರುತ್ತಿತ್ತು. ನಾನೂ ಒಂದು ಕಾಲದಲ್ಲಿ ಅವನನ್ನು... ಇರಲಿ ಬಿಡು. ಅವನಿಗೆ ಗಾಜಿನ ಮನೆ ಕಟ್ಟಿ ಟೊಮೆಟೊ ಬೆಳೆಯುವ ಆಸೆ. ನಮ್ಮ ಚಳಿಯಲ್ಲಿ ಅದನ್ನು ಬೆಚ್ಚಗಿಡಲು ನೆಲದಡಿಯ ಬಿಸಿನೀರು ಬೇಕು, ಅಕ್ಕನ ಜಾಗದಲ್ಲಿ ಕೊರೆಯಬೇಕು.

"ಗುಳಿ ತಣ್ಣಗಾಗಲ್ವೇನೋ?" ಎಂದಳು ಸ್ಟೇನುನ್.

"ಅಯ್ಯೋ ಅಕ್ಕಾ, ಅಮ್ಮನ ಗುಳಿ ಕೆಡಿಸ್ತೀನಾ? ಕೊರೆಯೋರನ್ನ ಕೇಳಿದೀನಿ. ಏನೂ ಆಗಲ್ಲ."

ಒಪ್ಪಿದಳು. ಆ ವಾರವೇ ತಮ್ಮ ಅವಳಿಗೆ ಹೊಸ ಕರೆಂಟು ಒಲೆ ತಂದುಕೊಟ್ಟ. ಬೆಳ್ಳಗೆ, ಗುಂಡಿಗಳೆಲ್ಲ ಮಿರಮಿರ. "ನೋಡೇ, ನನ್ನ ತಮ್ಮ!" ಎಂದು ಮನೆಮನೆಗೆ ಹೇಳಿಕೊಂಡು ಬಂದಳು, ಪಾಪ. ಅದರ ಮೇಲೆ ಕ್ರೋಶಾ ಬಟ್ಟೆ ಹಾಸಿ ಹೂದಾನಿ ಇಟ್ಟಳು.

ಮುಂದಿನ ವಾರ ಕೊರೆದರು. ಆವಿ ಚರ್ಚಿನ ಶಿಖರಕ್ಕಿಂತ ಮೇಲೆ ಎದ್ದಿತು, ಎಲ್ಲರೂ ಚಪ್ಪಾಳೆ ತಟ್ಟಿದೆವು. ಕೆಲವು ತಿಂಗಳಲ್ಲಿ ಗಾಜಿನ ಮನೆಯೂ ಎದ್ದಿತು. ಒಂದು ದಿನ ಅವಳು ಗುಳಿಯಿಂದ ಡಬ್ಬಿ ತೆಗೆದಾಗ ನಾನೂ ಜೊತೆಗಿದ್ದೆ. ಮುಚ್ಚಳ ತೆಗೆದರೆ ಹಸಿ ಹಿಟ್ಟು. ಮಣ್ಣಿನಲ್ಲಿ ಕೈಯಿಟ್ಟಳು. ತುಂಬ ಹೊತ್ತು ತೆಗೆಯಲೇ ಇಲ್ಲ.

ಆಮೇಲೆ ಡಬ್ಬಿ ಹೊತ್ತು ನೇರ ಗಾಜಿನ ಮನೆಗೆ ನಡೆದಳು. ನಾನು ಹಿಂದೆ.

"ಅಕ್ಕಾ, ನನಗೇನು ಗೊತ್ತಿತ್ತು? ಭೂಮಿ ತಾನೇ..."

"ಭೂಮಿ ಮೇಲೆ ಹಾಕಬೇಡ. ಕೊರೆಯೋಕೆ ಮುಂಚೇನೇ ಒಲೆ ಯಾಕೋ ತಂದೆ?"

ಕೆತಿಲ್ ಟೊಮೆಟೊ ಬಳ್ಳಿಗೆ ದಾರ ಕಟ್ಟುತ್ತಾ ನಿಂತ.

ಅವಳು ಆ ಒಲೆಗೆ ಒಂದು ದಿನವೂ ಕರೆಂಟು ಕೊಡಲಿಲ್ಲ. ನನ್ನ ಗುಳಿಯ ಮೂಲೆಯಲ್ಲೇ ಡಬ್ಬಿ ಹೂಳತೊಡಗಿದಳು, ಅವಳ ರೊಟ್ಟಿಯೂ ಅಂಚಿನಲ್ಲಿ ಸೀಯತೊಡಗಿತು. ಕ್ರಿಸ್ಮಸ್‌ಗೆ ಕೆತಿಲ್ ಒಂದು ಬುಟ್ಟಿ ಟೊಮೆಟೊ ಹಿಡಿದು ಬಾಗಿಲಿಗೆ ಬಂದ.

"ಅಮ್ಮನ ರೊಟ್ಟಿ ಒಂದು ಚೂರು ಕೊಡಕ್ಕಾ."

"ಒಲೆ ಕೋಳಿಗೂಡಲ್ಲಿದೆ," ಎಂದಳು ಸ್ಟೇನುನ್. "ಒಳಗಿನ ಮೊಟ್ಟೆ ಪಕ್ಕಕ್ಕಿಟ್ಟು ನೀನೇ ಬೇಯಿಸ್ಕೋ."